ಮಾಲೀಕರ ಸಮೀಕ್ಷೆಯ ಅಂಕವನ್ನು ನಂಬಿ ಕಾರು ಕೊಳ್ಳಬಹುದೇ?

ಎಡಿಸನ್_ನಿವಾಸಿ

ಎಲ್ಲರಿಗೂ ನಮಸ್ಕಾರ. ನಾನು ನ್ಯೂಜೆರ್ಸಿಯ ಎಡಿಸನ್‌ನಲ್ಲಿರುವವನು. ಮೂರು ವರ್ಷ ಓಡಿದ ಏಳು ಸೀಟಿನ ಗಾಡಿಯೊಂದನ್ನು ಕೊಳ್ಳುವ ವಿಚಾರದಲ್ಲಿದ್ದೇನೆ. ಬೇಸಿಗೆಗೆ ಊರಿನಿಂದ ಅಪ್ಪ, ಅಮ್ಮ ಬರುವವರಿದ್ದಾರೆ; ಈಗಿರುವ ಸೆಡಾನಿನಲ್ಲಿ ಅಷ್ಟು ಜನ ಹಿಡಿಸುವುದಿಲ್ಲ. ಎರಡು ಮಾದರಿಗಳು ಮನಸ್ಸಿನಲ್ಲಿವೆ. ಗ್ರಾಹಕರಿಗಾಗಿ ವಸ್ತುಗಳನ್ನು ಪರೀಕ್ಷಿಸುವ ಇಲ್ಲಿನ ಸಂಸ್ಥೆ ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಮಾಲೀಕರನ್ನು ಕೇಳಿ ಮಾಡುವ ವಿಶ್ವಾಸಾರ್ಹತೆಯ ಪಟ್ಟಿಯಲ್ಲಿ ಒಂದಕ್ಕೆ ಹಸಿರು ಬಣ್ಣ, ಇನ್ನೊಂದಕ್ಕೆ ಕೆಂಪು. ಹಸಿರಿನ ಗಾಡಿ ಕೆಂಪಿನದಕ್ಕಿಂತ 4,000 ಡಾಲರ್ ದುಬಾರಿ. ಬಣ್ಣವನ್ನು ನಂಬಿ ಅಷ್ಟು ಹಣ ಹೆಚ್ಚಿಗೆ ಕೊಡಬೇಕೇ ಎಂಬುದು ನನ್ನ ಪ್ರಶ್ನೆ.

ನನಗೆ ಅನುಮಾನ ಹುಟ್ಟಿದ್ದಕ್ಕೆ ಕಾರಣವನ್ನೂ ಹೇಳಿಬಿಡುತ್ತೇನೆ. ನಾನು ಆ ಸಂಸ್ಥೆಯ ಚಂದಾದಾರನಾದ್ದರಿಂದ ಕಳೆದ ವರ್ಷ ಅವರ ಪ್ರಶ್ನಾವಳಿ ನನಗೂ ಬಂದಿತ್ತು. ಕಳೆದ 12 ತಿಂಗಳಲ್ಲಿ ನಿಮ್ಮ ಗಾಡಿಯಲ್ಲಿ ಖರ್ಚಿನಿಂದಲೋ, ಕೆಟ್ಟು ನಿಂತದ್ದರಿಂದಲೋ, ಸುರಕ್ಷತೆಯ ದೃಷ್ಟಿಯಿಂದಲೋ, ಗಾಡಿ ಕೈಗೆ ಸಿಗದೆ ಹೋದದ್ದರಿಂದಲೋ ನೀವು ಗಂಭೀರವೆಂದು ಭಾವಿಸಿದ ತೊಂದರೆ ಏನಿತ್ತು ಎಂದು ಅದರಲ್ಲಿ ಕೇಳುತ್ತಾರೆ. ನಮ್ಮ ಗಾಡಿಯ ಹಿಂಬಾಗಿಲು ಹಳ್ಳದಲ್ಲಿ ಇಳಿದಾಗಲೆಲ್ಲ ಕಟಕಟ ಎನ್ನುತ್ತದೆ. ಎರಡು ಸಲ ಬಿಗಿ ಮಾಡಿಸಿಕೊಂಡು ಬಂದೆವು, ಹದಿನೈದು ದಿನಕ್ಕೆ ಮತ್ತೆ ಅದೇ ಸದ್ದು. ಅದನ್ನು ಬರೆಯಬೇಕೆಂದು ನನ್ನ ಹೆಂಡತಿ, ಅದೇನು ಗಂಭೀರವಲ್ಲವೆಂದು ನಾನು. ಎರಡು ಸಲ ಅರ್ಧ ದಿನ ರಜೆ ಹಾಕಿ ಗಾಡಿ ಬಿಟ್ಟುಬಂದವಳು ತಾನು, ಆದ್ದರಿಂದ ಗಂಭೀರವೋ ಅಲ್ಲವೋ ಹೇಳುವವಳೂ ತಾನೇ ಎಂದಳು. ಕೊನೆಗೆ ನಾನು ಬರೆಯಲಿಲ್ಲ. ಒಂದೇ ಗಾಡಿ, ಒಂದೇ ಮನೆ, ಎರಡು ಉತ್ತರ. ಹೀಗೆ ತುಂಬಿದ ಲಕ್ಷಾಂತರ ಹಾಳೆಗಳಿಂದ ಬಂದ ಬಣ್ಣಕ್ಕೆ ಎಷ್ಟು ಬೆಲೆ ಕೊಡಬೇಕು?

ಸಂಖ್ಯಾಪ್ರಿಯ

ನಿಮ್ಮ ಹಿಂಬಾಗಿಲಿನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದು ನೀವು ಭಾವಿಸಿದಷ್ಟು ದೊಡ್ಡ ದೋಷವಲ್ಲ. ನಿಮ್ಮಂತೆ ಸುಮ್ಮನಿರುವವರೂ ನಿಮ್ಮ ಮನೆಯವರಂತೆ ಬರೆದಿಡುವವರೂ ಎರಡೂ ಮಾದರಿಗಳ ಮಾಲೀಕರಲ್ಲಿ ಸರಿಸುಮಾರು ಒಂದೇ ಪ್ರಮಾಣದಲ್ಲಿದ್ದರೆ, ಎರಡು ಕಡೆಯ ಎಣಿಕೆಯೂ ಒಂದೇ ರೀತಿ ತಪ್ಪುತ್ತದೆ. ಹೋಲಿಕೆ ಮಾತ್ರ ಉಳಿದುಕೊಳ್ಳುತ್ತದೆ. ಅಂಗಡಿಯ ತಕ್ಕಡಿ ಐವತ್ತು ಗ್ರಾಂ ಹೆಚ್ಚು ತೋರಿಸುತ್ತಿದ್ದರೂ ಎರಡು ಕುಂಬಳಕಾಯಿಗಳಲ್ಲಿ ಯಾವುದು ಭಾರ ಎಂಬುದನ್ನು ಸರಿಯಾಗಿಯೇ ಹೇಳುತ್ತದೆ.

ಮಾಲೀಕರ ಸ್ವಭಾವವೇ ಬೇರೆಯಾದಾಗ ತಕ್ಕಡಿ ಕೆಡುತ್ತದೆ. ಜೆ.ಡಿ. ಪವರ್ ಸಂಸ್ಥೆಯ ಹೊಸ ಕಾರುಗಳ ಸಮೀಕ್ಷೆಯಲ್ಲಿ 2003ರಲ್ಲಿ ಹಮ್ಮರ್ ಕೊನೆಯ ಸ್ಥಾನಕ್ಕೆ ಬಿದ್ದಿತು. ಆ ಮಾಲೀಕರ ದೊಡ್ಡ ದೂರು ಗಾಡಿ ಪೆಟ್ರೋಲ್ ಕುಡಿಯುತ್ತದೆ ಎಂಬುದಾಗಿತ್ತು. ಮೂರು ಟನ್ನಿನಷ್ಟು ತೂಗುವ ಡಬ್ಬವನ್ನು ಕೊಂಡವರು ಹಾಗೆ ದೂರಿದ್ದನ್ನು ಗಾಡಿಯ ದೋಷವೆನ್ನುವುದೋ ಕೊಂಡವರ ದೋಷವೆನ್ನುವುದೋ ನೀವೇ ಹೇಳಿ.

ಇನ್ನು ಸಂಖ್ಯೆಯ ಮಾತು. ಕನ್ಸ್ಯೂಮರ್ ರಿಪೋರ್ಟ್ಸ್‌ನ ಒಟ್ಟು ಸಮೀಕ್ಷೆಯಲ್ಲಿ ಇತ್ತೀಚಿನ ವರ್ಷಗಳಲ್ಲಿ 3 ಲಕ್ಷಕ್ಕೂ ಹೆಚ್ಚು ವಾಹನಗಳ ವಿವರ ಸೇರುತ್ತಿದೆ. ಕೇಳಲು ದೊಡ್ಡದು, ಆದರೆ ಅದನ್ನು ನೂರಾರು ಮಾದರಿಗಳಿಗೂ ಒಂದೊಂದು ಮಾದರಿಯ ಹಲವು ವರ್ಷಗಳಿಗೂ ಹಂಚಿದಾಗ, ಹೆಚ್ಚು ಮಾರಾಟವಾಗದ ಗಾಡಿಯ ಪಾಲಿಗೆ ನೂರಿನ್ನೂರು ಉತ್ತರಗಳಷ್ಟೇ ಉಳಿಯಬಹುದು. ನೂರು ಮಾಲೀಕರಲ್ಲಿ 10 ಜನ ಗೇರ್‌ಬಾಕ್ಸ್ ತೊಂದರೆ ಬರೆದರೆಂದು ಇಟ್ಟುಕೊಳ್ಳೋಣ. ಅದರಿಂದ ಗಣಿತ ಹೇಳಬಲ್ಲದ್ದು ಇಷ್ಟೆ: ನಿಜವಾದ ಪ್ರಮಾಣ ಸುಮಾರು ಶೇ. 5ರಿಂದ 17ರ ನಡುವೆ ಎಲ್ಲೋ ಇದೆ. ಅದೇ 400 ಜನರಲ್ಲಿ 40 ಮಂದಿ ಬರೆದಿದ್ದರೆ ಅಂತರ ಶೇ. 7ರಿಂದ 13ಕ್ಕೆ ಕುಗ್ಗುತ್ತದೆ. ಪಟ್ಟಿಯಲ್ಲಿ ಮಾತ್ರ ಎರಡಕ್ಕೂ ಒಂದೇ ಬಣ್ಣ ಬಳಿದಿರುತ್ತಾರೆ.

ಎರಡನೆಯದಾಗಿ, ಬಣ್ಣ ಸಾಪೇಕ್ಷವಾದದ್ದು. ಒಂದು ಭಾಗ ಸರಾಸರಿಯಾಗಿ ನೂರಕ್ಕೆ 2 ಗಾಡಿಗಳಲ್ಲಿ ಕೆಡುತ್ತಿದ್ದರೆ, 4 ಗಾಡಿಗಳಲ್ಲಿ ಕೆಡುವ ಮಾದರಿ ಸರಾಸರಿಯ ಎರಡರಷ್ಟು ಕೆಟ್ಟದ್ದೆನಿಸಿಕೊಳ್ಳುತ್ತದೆ. ಆದರೆ ಆ ಮಾದರಿಯ ನೂರರಲ್ಲಿ 96 ಮಾಲೀಕರಿಗೆ ಆ ವರ್ಷ ಆ ಭಾಗದಿಂದ ಏನೂ ಆಗಿರುವುದಿಲ್ಲ. ನಿಮ್ಮ 4,000 ಡಾಲರನ್ನು ಲೆಕ್ಕ ಹಾಕಬೇಕಾದದ್ದು ಈ ನೂರಕ್ಕೆ ಎರಡರ ವ್ಯತ್ಯಾಸದ ಮೇಲೆ ಮತ್ತು ಆ ಭಾಗದ ರಿಪೇರಿಗೆ ತಗಲುವ ಖರ್ಚಿನ ಮೇಲೆ. ಕೆಂಪು, ಹಸಿರಿನ ಅಬ್ಬರಕ್ಕೆ ಅಷ್ಟು ಬೆಲೆಯಿಲ್ಲ.

ಟೆಕ್ಸಾಸ್_ಗೌಡ

ಇಷ್ಟೆಲ್ಲ ಗಣಿತವೇಕೆ? ನಾನು ಕೊಂಡ ಮಿನಿವ್ಯಾನಿಗೆ ಅದೇ ಪಟ್ಟಿಯಲ್ಲಿ ಅತ್ಯಂತ ಕೆಟ್ಟ ಗುರುತಿತ್ತು. ಅದು ಆಗ ಕಪ್ಪು ವೃತ್ತ. ಆಗಿನ ಕಾಲದಲ್ಲಿ ಕೆಂಪು ವೃತ್ತವೇ ಉತ್ತಮದ ಗುರುತಾಗಿತ್ತು, ಈಗ ಅದನ್ನೂ ತಿರುಗಾಮುರುಗಾ ಮಾಡಿದ್ದಾರೆ. ಆ ಗಾಡಿ 2,10,000 ಮೈಲು ಓಡಿತು. ಸಮೀಕ್ಷೆಗಳೆಲ್ಲ ಕಾರು ಕಂಪನಿಗಳಿಗೆ ಪ್ರಶಸ್ತಿ ಮಾರುವ ವ್ಯಾಪಾರ ಎಂಬುದು ನನ್ನ ಅಭಿಪ್ರಾಯ.

ಸಂಖ್ಯಾಪ್ರಿಯ

ಗೌಡರೇ, ನಿಮ್ಮ ಗಾಡಿ ಓಡಿದ್ದು ಸಂತೋಷ. ಮೇಲೆ ಹೇಳಿದ 96ರಲ್ಲಿ ನೀವೂ ಒಬ್ಬರು. ಅದರಿಂದ ಪಟ್ಟಿ ಸುಳ್ಳಾಗುವುದಿಲ್ಲ. ವ್ಯಾಪಾರದ ಮಾತು ಅರ್ಧ ಸರಿ. ಜೆ.ಡಿ. ಪವರ್‌ನ ಪ್ರಶಸ್ತಿ ಗೆದ್ದ ಕಂಪನಿ ಅದನ್ನು ಜಾಹೀರಾತಿನಲ್ಲಿ ಬಳಸಲು ಆ ಸಂಸ್ಥೆಗೆ ಹಣ ಕೊಡುತ್ತದೆ; ವಿವರವಾದ ಅಂಕಿಅಂಶಗಳನ್ನೂ ಆ ಸಂಸ್ಥೆ ಕಾರು ತಯಾರಕರಿಗೇ ಮಾರುತ್ತದೆ. 1936ರಲ್ಲಿ ಹುಟ್ಟಿದ ಕನ್ಸ್ಯೂಮರ್ ರಿಪೋರ್ಟ್ಸ್‌ನ ಕ್ರಮವೇ ಬೇರೆ. ಅದು ಲಾಭರಹಿತ ಸಂಸ್ಥೆ, ಜಾಹೀರಾತು ತೆಗೆದುಕೊಳ್ಳುವುದಿಲ್ಲ, ಪರೀಕ್ಷೆಯ ಕಾರನ್ನು ತಾನೇ ಹಣ ಕೊಟ್ಟು ಕೊಳ್ಳುತ್ತದೆ, ತನ್ನ ಅಂಕವನ್ನು ಜಾಹೀರಾತಿನಲ್ಲಿ ಬಳಸಲು ಕಂಪನಿಗಳಿಗೆ ಬಹುಕಾಲ ಬಿಡುತ್ತಲೂ ಇರಲಿಲ್ಲ. ಮುಲಾಜಿಲ್ಲ ಎಂಬುದಕ್ಕೆ ಎರಡು ನಿದರ್ಶನಗಳಿವೆ. 2007ರಲ್ಲಿ ಟೊಯೊಟಾದ ಕೆಲವು ಮಾದರಿಗಳ ಅಂಕ ಕುಸಿದಾಗ, ಹೊಸ ಟೊಯೊಟಾ ಮಾದರಿಗಳನ್ನು ದತ್ತಾಂಶ ಬರುವ ಮೊದಲೇ ಶಿಫಾರಸು ಮಾಡುವ ಪದ್ಧತಿಯನ್ನು ಅವರು ಕೈಬಿಟ್ಟರು. 2015ರಲ್ಲಿ ಟೆಸ್ಲಾ ಮಾಡೆಲ್ ಎಸ್‌ನ ಒಂದು ಆವೃತ್ತಿಗೆ ತಮ್ಮ ರಸ್ತೆ ಪರೀಕ್ಷೆಯಲ್ಲಿ ನೂರಕ್ಕೆ 103 ಅಂಕ ಕೊಟ್ಟವರು, ಕೆಲವೇ ವಾರಗಳ ನಂತರ ಸುಮಾರು 1,400 ಮಾಲೀಕರ ಉತ್ತರ ನೋಡಿ ಶಿಫಾರಸನ್ನು ಹಿಂತೆಗೆದುಕೊಂಡರು. ಅದೇ ಮಾಲೀಕರಲ್ಲಿ ಶೇ. 97 ಮಂದಿ ಮತ್ತೆ ಇದನ್ನೇ ಕೊಳ್ಳುತ್ತೇವೆ ಎಂದಿದ್ದರು! ಸಂತೃಪ್ತಿಯೂ ವಿಶ್ವಾಸಾರ್ಹತೆಯೂ ಬೇರೆಬೇರೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಸಾಕ್ಷಿ ನನಗೆ ಗೊತ್ತಿಲ್ಲ.

ಮಿಶಿಗನ್_ಮಲೆನಾಡಿಗ

ನಾನು ಬಿಡಿಭಾಗಗಳ ಕಂಪನಿಯೊಂದರಲ್ಲಿ ವಾರಂಟಿ ಲೆಕ್ಕ ನೋಡುವ ಕೆಲಸ ಮಾಡಿದವನು. ಸಮೀಕ್ಷೆಯನ್ನು ಒಟ್ಟು ಅಂಕದಲ್ಲಿ ಓದಬಾರದು, ಒಂದೊಂದೇ ಸಾಲಿನಲ್ಲಿ ಓದಬೇಕು ಎಂಬುದಕ್ಕೆ 2011ರ ಫೋರ್ಡ್ ಪ್ರಸಂಗದಷ್ಟು ಒಳ್ಳೆಯ ಪಾಠ ಇನ್ನೊಂದಿಲ್ಲ. ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಆ ವರ್ಷ ಜೆ.ಡಿ. ಪವರ್‌ನ ಹೊಸ ಕಾರುಗಳ ಪಟ್ಟಿಯಲ್ಲಿ ಫೋರ್ಡ್ 5ನೆಯ ಸ್ಥಾನದಿಂದ 23ಕ್ಕೆ ಜಾರಿತು. ಕನ್ಸ್ಯೂಮರ್ ರಿಪೋರ್ಟ್ಸ್‌ನಲ್ಲಿ 10ರಿಂದ 20ಕ್ಕೆ. ಎಲ್ಲರ ಬಾಯಲ್ಲಿದ್ದದ್ದು ಮೈಫೋರ್ಡ್ ಟಚ್ ಎಂಬ ಹೊಸ ಪರದೆ. ಅದು ಮುಟ್ಟಿದರೆ ತಡವಾಗಿ ಓಗೊಡುತ್ತಿತ್ತು, ನಡುದಾರಿಯಲ್ಲಿ ಕಪ್ಪಾಗುತ್ತಿತ್ತು, ಫೋನನ್ನು ಗುರುತಿಸುತ್ತಿರಲಿಲ್ಲ. ಪರದೆ ಹಟಮಾರಿಯಾದ ಮಾತ್ರಕ್ಕೆ ಕಾರು ಕೆಟ್ಟದ್ದೇ, ಇದೆಲ್ಲ ಸಮೀಕ್ಷೆಯ ಅತಿರೇಕ ಎಂದು ನಮ್ಮ ಕಚೇರಿಯಲ್ಲೂ ನಕ್ಕವರಿದ್ದರು. ನಾನೂ ನಕ್ಕಿದ್ದೆ. 2012ರಲ್ಲಿ ಫೋರ್ಡ್ ಲಕ್ಷಾಂತರ ಮಾಲೀಕರಿಗೆ ಅಂಚೆಯಲ್ಲಿ ಯುಎಸ್‌ಬಿ ಕಡ್ಡಿ ಕಳಿಸಿ ತಂತ್ರಾಂಶ ಬದಲಾಯಿಸಿತು.

ಆದರೆ ಅದೇ ಸಮೀಕ್ಷೆಯಲ್ಲಿ ಫಿಯೆಸ್ಟಾ ಮತ್ತು ಫೋಕಸ್ ಮಾದರಿಗಳ ಗೇರ್‌ಬಾಕ್ಸಿನ ಸಾಲೂ ಕೆಟ್ಟಿತ್ತು. ಎರಡು ಒಣ ಕ್ಲಚ್‌ಗಳಿರುವ ಆ ಪವರ್‌ಶಿಫ್ಟ್ ಗೇರ್‌ಬಾಕ್ಸ್, ಸಿಗ್ನಲ್ ಬಿಟ್ಟು ಹೊರಡುವಾಗ ಹೊಸದಾಗಿ ಡ್ರೈವಿಂಗ್ ಕಲಿಯುವವರು ಕ್ಲಚ್ ಬಿಟ್ಟಂತೆ ಗಡಗಡನೆ ಅದುರುತ್ತಿತ್ತು. ಅದರೊಳಗಿನ ಶಾಫ್ಟಿನ ಸೀಲಿನಿಂದ ಎಣ್ಣೆ ಸೋರಿ ಒಣಗಿರಬೇಕಾದ ಕ್ಲಚ್ಚಿಗೆ ತಗುಲುತ್ತಿದ್ದುದು ಒಂದು ಕಾರಣ. ಇದಕ್ಕೆ ಯುಎಸ್‌ಬಿ ಕಡ್ಡಿಯ ಮದ್ದಿರಲಿಲ್ಲ. 2014ರಲ್ಲಿ ಕ್ಲಚ್ ಮತ್ತು ಸೀಲಿನ ವಾರಂಟಿಯನ್ನು 7 ವರ್ಷ ಅಥವಾ 1 ಲಕ್ಷ ಮೈಲಿಗೆ ಹಿಗ್ಗಿಸಬೇಕಾಯಿತು. ನ್ಯಾಯಾಲಯದ ಮೊಕದ್ದಮೆಗಳು ಅದರ ನಂತರವೂ ನಡೆದವು.

ಅಂದರೆ, ಮೊದಲ ವರ್ಷದಲ್ಲೇ ಮಾಲೀಕರು ಸತ್ಯವನ್ನೇ ಬರೆದಿದ್ದರು. ಪರದೆಯ ಸದ್ದುಗದ್ದಲದಲ್ಲಿ ಗೇರ್‌ಬಾಕ್ಸಿನ ಸಾಲನ್ನು ಓದದವರು ನಾವು. ಒಟ್ಟು ಅಂಕವನ್ನು ನಂಬಿದವನೂ ಮೋಸ ಹೋದ, ಒಟ್ಟು ಅಂಕವನ್ನು ನೋಡಿ ನಕ್ಕವನೂ ಮೋಸ ಹೋದ.

ಈಗಲೂ ಸ್ಥಿತಿ ಬದಲಾಗಿಲ್ಲ. ಮೂರು ವರ್ಷ ಓಡಿದ ಗಾಡಿಗಳ ಮೇಲಿನ ಜೆ.ಡಿ. ಪವರ್‌ನ 2024ರ ಅಧ್ಯಯನದಲ್ಲಿ ಸರಾಸರಿ ನೂರು ಗಾಡಿಗೆ 190 ತೊಂದರೆಗಳು, ಮೊದಲ ಸ್ಥಾನದ ಲೆಕ್ಸಸ್‌ಗೆ 135. ಅತಿ ಹೆಚ್ಚು ದೂರು ಬಂದದ್ದು ಪರದೆ, ಫೋನ್ ಜೋಡಣೆ, ಧ್ವನಿ ಆದೇಶಗಳ ವಿಭಾಗಕ್ಕೆ. ಅವರ ಲೆಕ್ಕದಲ್ಲಿ ಫೋನ್ ಜೋಡಣೆಯಾಗದಿರುವುದೂ ಒಂದು ತೊಂದರೆ, ಎಂಜಿನ್ ಸೀಜ್ ಆದದ್ದೂ ಒಂದು ತೊಂದರೆ. ಕನ್ಸ್ಯೂಮರ್ ರಿಪೋರ್ಟ್ಸ್‌ನವರು ಎಂಜಿನ್, ಗೇರ್‌ಬಾಕ್ಸಿನಂಥ ದೊಡ್ಡ ತೊಂದರೆಗಳಿಗೆ ಹೆಚ್ಚಿನ ತೂಕ ಕೊಡುತ್ತಾರೆ. ನಾನು ಅವರದನ್ನೇ ಹೆಚ್ಚು ನೆಚ್ಚುವುದಕ್ಕೆ ಅದೂ ಒಂದು ಕಾರಣ.

ಇನ್ನೊಂದು ಮಾತು. ತಡವಾಗಿ ಬರುವ ರೋಗವನ್ನು ಯಾವ ಸಮೀಕ್ಷೆಯೂ ಮೊದಲೇ ಹೇಳಲಾರದು. 2011 ಮತ್ತು 2012ರ ಹ್ಯುಂಡೈ ಸೊನಾಟಾದ ಎಂಜಿನ್ನಿನಲ್ಲಿ ತಯಾರಿಕೆಯ ವೇಳೆ ಉಳಿದ ಲೋಹದ ಚೂರುಗಳು ಎಣ್ಣೆಯ ದಾರಿಯನ್ನು ಕಟ್ಟುತ್ತವೆಂದು ಸುಮಾರು 4,70,000 ಗಾಡಿಗಳನ್ನು ಹಿಂದಕ್ಕೆ ಕರೆದದ್ದು 2015ರಲ್ಲಿ. ಟಕಾಟಾ ಏರ್‌ಬ್ಯಾಗ್ ಇನ್ನೂ ದೊಡ್ಡ ಉದಾಹರಣೆ: ಡಿಕ್ಕಿಯಾದಾಗ ಏರ್‌ಬ್ಯಾಗೇ ಸಿಡಿದು ಲೋಹದ ಚೂರು ಎಸೆದು ಜೀವ ತೆಗೆದ ಆ ದೋಷ ಒಂದೇ ಒಂದು ಪ್ರಶ್ನಾವಳಿಯ ಬಣ್ಣವನ್ನೂ ಬದಲಿಸಲಿಲ್ಲ, ಏಕೆಂದರೆ ಡಿಕ್ಕಿಯಾಗುವವರೆಗೆ ಅದು ತೊಂದರೆಯೇ ಅಲ್ಲ. ಅದಕ್ಕೆ ನೋಡಬೇಕಾದದ್ದು ಸರ್ಕಾರದ ರೀಕಾಲ್ ಪಟ್ಟಿಯನ್ನು.

ಹುಬ್ಬಳ್ಳಿ_ಗ್ಯಾರೇಜ್

ನಿಮ್ಮಲ್ಲಿ ಸಮೀಕ್ಷೆಯನ್ನು ನಂಬಬೇಕೋ ಬೇಡವೋ ಎಂಬ ಚರ್ಚೆಯಾದರೂ ಇದೆ. ನಮ್ಮಲ್ಲಿ ಅಷ್ಟು ವರ್ಷ ಬಿಡದೆ ಗಾಡಿ ಮಾಲೀಕರನ್ನು ಕೇಳಿ ಮಾದರಿವಾರು ಪ್ರಕಟಿಸುವ ಸ್ವತಂತ್ರ ಪಟ್ಟಿಯನ್ನು ನಾನು ಈ ಇಪ್ಪತ್ತು ವರ್ಷಗಳಲ್ಲಿ ಕಂಡಿಲ್ಲ. ಇರುವುದು ಸರ್ವೀಸ್ ಮುಗಿದ ಮೇಲೆ ಬರುವ ಫೋನು. ನನ್ನ ಸ್ವಂತ ಗಾಡಿಯನ್ನು ವಾರಂಟಿ ಇರುವವರೆಗೆ ಶೋರೂಮಿನಲ್ಲೇ ಬಿಡುತ್ತಿದ್ದೆ. ಒಮ್ಮೆ ಮುಂದಿನ ಸಸ್ಪೆನ್ಷನ್ನಿನ ಸದ್ದು ಹಾಗೆಯೇ ಇರುವಾಗ, ಸರ್ವೀಸ್ ಅಡ್ವೈಸರ್ ಹುಡುಗ ಗೇಟಿನವರೆಗೆ ಬಂದು, ಜಾಬ್ ಕಾರ್ಡಿನ ಹಿಂಬದಿಯಲ್ಲಿ ದೊಡ್ಡದಾಗಿ 10 ಎಂದು ಬರೆದು ತೋರಿಸಿದ: "ಸರ್, ನಾಳೆ ಕಂಪನಿಯಿಂದ ಫೋನ್ ಬರ್ತದ, ಹತ್ತಕ್ಕ ಹತ್ತು ಅನ್ರಿ. ಒಂಬತ್ತು ಅಂದ್ರ ನನ್ನ ಇನ್ಸೆಂಟಿವ್ ಹೋಗ್ತದ್ರಿ." ಹುಡುಗನ ಮುಖ ನೋಡಿ ಹತ್ತೇ ಕೊಟ್ಟೆ. ಸದ್ದಿಗೆ ಕಾರಣವಾಗಿದ್ದ ಲಿಂಕ್ ರಾಡನ್ನು ಆಮೇಲೆ ನನ್ನ ಗ್ಯಾರೇಜಿನಲ್ಲೇ ಬದಲಾಯಿಸಿದೆ. ಆ ಕಂಪನಿಯ ಯಾವುದೋ ಫಲಕದಲ್ಲಿ ನಾನೊಬ್ಬ ಪರಮ ಸಂತುಷ್ಟ ಗ್ರಾಹಕನಾಗಿ ಇವತ್ತಿಗೂ ಇರಬಹುದು.

ಸಂಖ್ಯಾಪ್ರಿಯ

ಅದ್ಭುತ ಉದಾಹರಣೆ. ಉತ್ತರದಿಂದ ಲಾಭ ಅಥವಾ ನಷ್ಟ ಪಡೆಯುವವನು ಗ್ರಾಹಕನ ಎದುರಿಗೇ ನಿಂತಿದ್ದರೆ ಆ ಅಂಕಕ್ಕೆ ಬೆಲೆಯಿಲ್ಲ. ಕೇಳುವವರು ಯಾರು, ಅವರಿಗೆ ಉತ್ತರದಿಂದ ಏನಾಗಬೇಕಿದೆ ಎಂಬ ಪ್ರಶ್ನೆಯನ್ನು ಬಣ್ಣ ನೋಡುವ ಮೊದಲೇ ಕೇಳಿಕೊಳ್ಳಬೇಕು.

ಸ್ಟುಟ್‌ಗಾರ್ಟ್_ಶೆಟ್ಟಿ

ಜರ್ಮನಿಯಲ್ಲಿ ಜನರ ಅಭಿಪ್ರಾಯಕ್ಕಿಂತ ದಾಖಲೆಗೆ ಹೆಚ್ಚು ಬೆಲೆ. ಇಲ್ಲಿ ಕಾರಿಗೆ ಮೂರು ವರ್ಷವಾದಾಗ ಮೊದಲ ಕಡ್ಡಾಯ ತಪಾಸಣೆ, ನಂತರ ಎರಡು ವರ್ಷಕ್ಕೊಮ್ಮೆ. ಅದರಲ್ಲಿ ಕಂಡ ದೋಷಗಳನ್ನು ಮಾದರಿವಾರು ಒಟ್ಟುಗೂಡಿಸಿ ಟ್ಯೂಫ್ ವರದಿಯಾಗಿ ಪ್ರಕಟಿಸುತ್ತಾರೆ. ರಸ್ತೆಯಲ್ಲಿ ಕೆಟ್ಟು ನಿಂತವರ ನೆರವಿಗೆ ಹೋಗುವ ಎಡಿಎಸಿ ಎಂಬ ವಾಹನ ಸಂಘವೂ ತನ್ನ ಕರೆಗಳ ಲೆಕ್ಕವನ್ನು ಪ್ರಕಟಿಸುತ್ತದೆ. ಇವುಗಳಿಗೂ ಮಿತಿಗಳಿವೆ: ತಪಾಸಣೆಯವರು ಬ್ರೇಕ್, ದೀಪ, ಟೈರು, ತುಕ್ಕು ನೋಡುತ್ತಾರೆಯೇ ಹೊರತು ಗೇರ್ ಬದಲಾಗುವಾಗಿನ ಅದುರನ್ನಲ್ಲ, ಸವೆದ ಟೈರು ಕಾರಿನ ತಪ್ಪಲ್ಲ, ಮಾಲೀಕನ ತಪ್ಪು. ರಸ್ತೆ ನೆರವಿನ ಕರೆಗಳಲ್ಲಿ 12 ವೋಲ್ಟಿನ ಬ್ಯಾಟರಿ ಸತ್ತದ್ದೇ ದೊಡ್ಡ ಪಾಲು.

ಅಭಿಪ್ರಾಯದ ಎಣಿಕೆ ಎಲ್ಲಿಗೆ ಹೋಗಬಹುದು ಎಂಬುದಕ್ಕೆ ಅದೇ ಎಡಿಎಸಿಯ ಕತೆ ಇದೆ. ಜನಮೆಚ್ಚಿದ ಕಾರಿಗೆ ಕೊಡುವ ಪ್ರಶಸ್ತಿಯಲ್ಲಿ ಫೋಕ್ಸ್‌ವ್ಯಾಗನ್ ಗಾಲ್ಫ್‌ಗೆ ಬಿದ್ದ 3,409 ಮತಗಳನ್ನು 34,299 ಎಂದು ತೋರಿಸಿದ್ದು 2014ರ ಜನವರಿಯಲ್ಲಿ ಬಯಲಾಯಿತು. ವಿಚಿತ್ರವೆಂದರೆ, ಅಂಕಿ ಹಿಗ್ಗಿಸದಿದ್ದರೂ ಗಾಲ್ಫ್‌ಗೆ ಬಹುಮಾನ ಸಿಗುತ್ತಿತ್ತು. ಸಣ್ಣ ಸಂಖ್ಯೆ ಮರ್ಯಾದೆಗೆ ಸಾಲದು ಎನಿಸಿತ್ತೇನೋ.

ಬಿಡದಿ_ರಸ್ತೆ

ಇಲ್ಲಿ ನಮ್ಮೂರಿನ ಒಂದು ಪ್ರಯೋಗವನ್ನು ಸೂಚಿಸುತ್ತೇನೆ. 2022ರಲ್ಲಿ ಬಂದ ಟೊಯೊಟಾ ಹೈರೈಡರ್ ಮತ್ತು ಮಾರುತಿ ಗ್ರ್ಯಾಂಡ್ ವಿಟಾರಾ ಎರಡೂ ತಯಾರಾದದ್ದು ಬಿಡದಿಯ ಒಂದೇ ಕಾರ್ಖಾನೆಯಲ್ಲಿ. ಮುಖಚರ್ಯೆ ಬೇರೆ, ಒಳಗಿನದ್ದು ಬಹುಪಾಲು ಒಂದೇ. ಇಬ್ಬರ ಮಾಲೀಕರನ್ನೂ ಕೇಳಿ ಬೇರೆಬೇರೆ ಅಂಕ ಬಂದರೆ, ಆ ವ್ಯತ್ಯಾಸ ಗಾಡಿಯದ್ದಲ್ಲ, ಲಾಂಛನದ್ದೂ ಶೋರೂಮಿನದ್ದೂ ಎಂದು ತಿಳಿಯಬೇಕು. ಆಗ ಟೊಯೊಟಾದವರ ವಾರಂಟಿ 3 ವರ್ಷ ಅಥವಾ 1 ಲಕ್ಷ ಕಿಲೋಮೀಟರ್, ಮಾರುತಿಯವರದು 2 ವರ್ಷ ಅಥವಾ 40,000 ಕಿಲೋಮೀಟರ್ ಇತ್ತು. ಮೂರನೆಯ ವರ್ಷ ಒಂದೇ ಭಾಗ ಕೆಟ್ಟರೆ ಒಬ್ಬನಿಗೆ ಪುಕ್ಕಟೆ, ಇನ್ನೊಬ್ಬನಿಗೆ ಬಿಲ್ಲು. ಖರ್ಚಾದರೆ ಗಂಭೀರ ಎಂದು ಪ್ರಶ್ನಾವಳಿಯೇ ಹೇಳುವಾಗ ಇಬ್ಬರ ಉತ್ತರ ಒಂದೇ ಆಗಿರಲು ಹೇಗೆ ಸಾಧ್ಯ?

ಮಿಶಿಗನ್_ಮಲೆನಾಡಿಗ

ಬಹಳ ಸರಿಯಾದ ಮಾತು. ಇದರ ಹಳೆಯ ರೂಪ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿ ನಡೆದಿತ್ತು. ಟೊಯೊಟಾ ಮತ್ತು ಜನರಲ್ ಮೋಟಾರ್ಸ್ 1984ರಿಂದ ಜೊತೆಯಾಗಿ ನಡೆಸಿದ ನುಮ್ಮಿ ಕಾರ್ಖಾನೆಯಲ್ಲಿ ಕೊರೊಲ್ಲಾ ಮತ್ತು ಜಿಯೊ ಪ್ರಿಜ್ಮ್ ಅವಳಿಗಳಂತೆ ಹುಟ್ಟುತ್ತಿದ್ದವು. ಸೆಕೆಂಡ್ ಹ್ಯಾಂಡ್ ಪೇಟೆಯಲ್ಲಿ ಕೊರೊಲ್ಲಾಕ್ಕೆ ಹೆಚ್ಚು ಬೆಲೆ, ಪ್ರಿಜ್ಮ್‌ಗೆ ಕಡಿಮೆ. ಗುಟ್ಟು ಗೊತ್ತಿದ್ದವರು ಪ್ರಿಜ್ಮ್ ಕೊಂಡು ಕೊರೊಲ್ಲಾ ಓಡಿಸಿದರು.

ಪೆಟ್ರೋಲ್ ಎಂಜಿನ್ ಜೊತೆ ವಿದ್ಯುತ್ ಮೋಟರೂ ಇರುವ ಹೈಬ್ರಿಡ್ ಗಾಡಿಗಳ ವಿಷಯಕ್ಕೂ ಇದೇ ಎಚ್ಚರಿಕೆ ಬೇಕು. ಕನ್ಸ್ಯೂಮರ್ ರಿಪೋರ್ಟ್ಸ್‌ನ 2023ರ ಸಮೀಕ್ಷೆಯಲ್ಲಿ ಹೈಬ್ರಿಡ್‌ಗಳಿಗೆ ಪೆಟ್ರೋಲ್ ಗಾಡಿಗಳಿಗಿಂತ ಶೇ. 26ರಷ್ಟು ಕಡಿಮೆ ತೊಂದರೆ, ವಿದ್ಯುತ್ ಗಾಡಿಗಳಿಗೆ ಶೇ. 79ರಷ್ಟು ಹೆಚ್ಚು ಎಂದು ಬಂದಿತ್ತು. ಹೈಬ್ರಿಡ್‌ಗಳಲ್ಲಿ ದೊಡ್ಡ ಪಾಲು ಬಹುಕಾಲದಿಂದ ಅವನ್ನೇ ಮಾಡಿಕೊಂಡು ಬಂದ ಟೊಯೊಟಾದ್ದು. ವಿದ್ಯುತ್ ಗಾಡಿಗಳಲ್ಲಿ ಬಹುಪಾಲು ಹೊಚ್ಚ ಹೊಸ ವಿನ್ಯಾಸಗಳು. ಅಂಕಿ ಅಳೆದದ್ದು ಮೋಟರನ್ನೋ ಅನುಭವವನ್ನೋ ಎಂಬುದನ್ನು ಆ ಒಂದು ಸಾಲಿನಿಂದ ಬಿಡಿಸಲಾಗದು.

ಎಡಿಸನ್‌ನವರೇ, ನಿಮ್ಮ ಕೆಂಪಿನ ಗಾಡಿಯಲ್ಲಿ ಯಾವ ಸಾಲು ಕೆಂಪು, ಯಾವ ವರ್ಷದಲ್ಲಿ ಕೆಂಪು?

ಎಡಿಸನ್_ನಿವಾಸಿ

ನೀವು ಕೇಳಿದ ಮೇಲೆ ಮತ್ತೆ ಕೂತು ನೋಡಿದೆ. ನಾಚಿಕೆಯೆಂದರೆ, ಮೊದಲು ಆ ಭಾಗದವರೆಗೆ ಪುಟವನ್ನು ಸರಿಸಿಯೇ ಇರಲಿಲ್ಲ. ಕೆಂಪಿನ ಗಾಡಿಯಲ್ಲಿ ಎಂಜಿನ್, ಗೇರ್‌ಬಾಕ್ಸ್, ಕೂಲಿಂಗ್ ಮೂರೂ ಹಸಿರು. ಕೆಂಪಾಗಿರುವುದು ಕಾರಿನೊಳಗಿನ ಎಲೆಕ್ಟ್ರಾನಿಕ್ಸ್, ಬಾಗಿಲು ಮತ್ತು ಒಳಗಿನ ಪ್ಲಾಸ್ಟಿಕ್ಕಿನ ಕಟಕಟ ಸದ್ದು. ಅದೂ ಆ ವಿನ್ಯಾಸ ಬಂದ ಮೊದಲ ವರ್ಷದಲ್ಲಿ ಗಾಢ, ಎರಡನೆಯ ವರ್ಷಕ್ಕೆ ಹಳದಿ. ನಾನು ನೋಡುತ್ತಿರುವುದು ಎರಡನೆಯ ವರ್ಷದ ಗಾಡಿ. ಹಸಿರಿನ ಗಾಡಿಯಲ್ಲಿ ಉಳಿದೆಲ್ಲವೂ ಹಸಿರಾಗಿದ್ದರೂ ಗೇರ್‌ಬಾಕ್ಸಿನ ಸಣ್ಣ ತೊಂದರೆಗಳ ಸಾಲೊಂದು ಮೊದಲಿನಿಂದಲೂ ಹಳದಿಯಾಗಿಯೇ ಇದೆ.

ಇದನ್ನು ಮನೆಯಲ್ಲಿ ತೋರಿಸಿದಾಗ, ಕಟಕಟ ಸದ್ದಿನ ಸಾಲು ಕೆಂಪಾಗಿರುವ ಗಾಡಿಯನ್ನು ಕೊಳ್ಳುವುದಾದರೆ ಈ ಸಲ ರಿಪೇರಿಗೆ ಬಿಟ್ಟುಬರುವ ಪಾಳಿ ನಿನ್ನದು ಎಂದು ಹೆಂಡತಿ ಷರತ್ತು ಹಾಕಿದ್ದಾಳೆ. ಒಪ್ಪಿದ್ದೇನೆ. ಶನಿವಾರ ಗಾಡಿ ನೋಡಲು ಹೋಗುತ್ತೇವೆ.

ಹುಬ್ಬಳ್ಳಿ_ಗ್ಯಾರೇಜ್

ಹೋಗುವ ಮೊದಲು ಮಾರುವವರಿಗೆ ಫೋನ್ ಮಾಡಿ, ಎಂಜಿನ್ ಸ್ಟಾರ್ಟ್ ಮಾಡದೆ ಹಾಗೆಯೇ ಇಟ್ಟಿರಲು ಹೇಳಿ. ಹೋದ ಕೂಡಲೇ ಬಾನೆಟ್ ಎತ್ತಿಸಿ, ಎಂಜಿನ್ನಿನ ಬಳಿ ಕೈ ಹಿಡಿದು ನೋಡಿ. ಬಿಸಿ ತಗುಲಿದರೆ ನಿಮಗಿಂತ ಮೊದಲೇ ಯಾರೋ ಸ್ಟಾರ್ಟ್ ಮಾಡಿ ತಣ್ಣಗಿನ ಎಂಜಿನ್ ಹೊರಡುವಾಗ ಮಾತ್ರ ಕೇಳುವ ಸದ್ದನ್ನು ಮುಗಿಸಿದ್ದಾರೆಂದು ಅರ್ಥ. ಇನ್ನೊಂದು ದಿನ ಬರುತ್ತೇವೆಂದು ಹೇಳಿ ಹೊರಟುಬನ್ನಿ.